ಎರಡೂ ಕಾಲು ಒಟ್ಟಿಗೆ ಇಟ್ಟು ನೋಡಿ

ಪ್ರಶ್ನೆ: ಡಾಕ್ಟರ್, ನಾನು ಸಿಂಧನೂರು ತಾಲೂಕಿನ ಒಂದು ಹಳ್ಳಿಯವಳು. ವಯಸ್ಸು 34. ಕಳೆದ ತಿಂಗಳು ನಡುರಾತ್ರಿ ನಮ್ಮ ಅವ್ವ "ಕಾಲು, ಕಾಲು" ಎಂದು ಚೀರಿಕೊಂಡು ಎದ್ದರು. ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎಣ್ಣೆ ಹಚ್ಚಿ ತಿಕ್ಕಿದೆವು. ಹತ್ತು ನಿಮಿಷಕ್ಕೆ ಕಡಿಮೆಯಾಯಿತು. ಆಮೇಲೂ ಎರಡು ದಿನ ಮುಟ್ಟಿದರೆ ನೋಯುತ್ತಿತ್ತು. ಅವ್ವನಿಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ನೋಡಿದವರಲ್ಲಿ ಒಬ್ಬರು ನರ ಹಿಡಿದಿದೆ ಎಂದರು. ಇನ್ನೊಬ್ಬರು ವಾಯು ಎಂದರು. ಮತ್ತೊಬ್ಬರು ರಕ್ತ ಹೆಪ್ಪುಗಟ್ಟಿದ್ದರೆ ಜೀವಕ್ಕೇ ಅಪಾಯ ಎಂದು ಹೆದರಿಸಿ ಹೋದರು. ಇದ್ದಕ್ಕಿದ್ದಂತೆ ಕಾಲು ನೋವು ಬಂದರೆ ಏನೇನು ಕಾರಣ ಇರಬಹುದು? ಯಾವಾಗ ಮನೆಯಲ್ಲೇ ಇರಬಹುದು, ಯಾವಾಗ ಆಸ್ಪತ್ರೆಗೆ ಓಡಬೇಕು? ಇನ್ನೊಂದು ಮಾತು. ನನ್ನ ತಂಗಿ ಹೆರಿಗೆಗೆ ಬಂದಿದ್ದಾಳೆ. ಸಿಜೇರಿಯನ್ ಆಗಿ 12 ದಿನ. ಅವಳಿಗೂ ಮೂರು ದಿನದಿಂದ ಎಡಗಾಲು ಎಳೆಯುತ್ತದೆ, ಸ್ವಲ್ಪ ಬಾತಿದೆ. ಬಾಣಂತಿಗೆ ಅದೆಲ್ಲ ಇರುವುದೇ ಎಂದು ಅವ್ವ ಹೇಳುತ್ತಾರೆ. ಹೌದೇ?

ಉತ್ತರ: ನಿಮ್ಮ ಪತ್ರದ ಮುಕ್ಕಾಲು ಭಾಗ ಅವ್ವನ ಬಗ್ಗೆ ಇದೆ. ಅದನ್ನು ಓದುವಾಗ ನನಗೆ ಆತಂಕ ಆಗಲಿಲ್ಲ. ಕೊನೆಯ ನಾಲ್ಕು ಸಾಲು ಓದಿದಾಗ ಆಯಿತು. ಅದಕ್ಕೇ ಈ ಉತ್ತರ ಅಚ್ಚಾಗುವವರೆಗೆ ಕಾಯದೆ, ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನ್ ಮಾಡಿ, ತಂಗಿಯನ್ನು ಇವತ್ತೇ ಕರೆದುಕೊಂಡು ಹೋಗಿ, ಕಾಲಿಗೆ ಡಾಪ್ಲರ್ ಸ್ಕ್ಯಾನ್ ಮಾಡಿಸಿ ಎಂದು ಹೇಳಿದ್ದೆ. ನೀವು ಅಂದೇ ಸಂಜೆ ಹೊರಟಿರಿ. ಸ್ಕ್ಯಾನ್‌ನಲ್ಲಿ ತೊಡೆಯ ಒಳಗಿನ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಕಂಡಿತು. ಈಗ ಚಿಕಿತ್ಸೆ ನಡೆಯುತ್ತಿದೆ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಅದನ್ನು ಇಲ್ಲಿ ಬರೆಯಲು ನೀವಿಬ್ಬರೂ ಒಪ್ಪಿದ್ದೀರಿ. ಬೇರೆ ಮನೆಗಳಲ್ಲೂ ಇಂಥ ಬಾಣಂತಿಯರು ಇರುತ್ತಾರೆ, ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದೇ ಮನೆಯಲ್ಲಿ ಎರಡು ಕಾಲು ನೋವು. ಚೀರುವಷ್ಟು ನೋವಿದ್ದದ್ದು ಅವ್ವನಿಗೆ, ಆದರೆ ಅದು ಅಪಾಯದ್ದಲ್ಲ. "ಸ್ವಲ್ಪ ಎಳೆಯುತ್ತದೆ" ಎಂದು ಸುಮ್ಮನೆ ಮಲಗಿದ್ದ ತಂಗಿಯದು ಜೀವಕ್ಕೆ ಬರುವಂಥದ್ದು. ಕಾಲಿನ ವಿಷಯದಲ್ಲಿ ನೋವು ಎಷ್ಟು ಜೋರಾಗಿದೆ ಎನ್ನುವುದು ಒಳ್ಳೆಯ ಅಳತೆಯಲ್ಲ. ಹಾಗಾದರೆ ಯಾವುದನ್ನು ನೋಡಬೇಕು?

ನೀವು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರು, ಭತ್ತದ ಗದ್ದೆ ನೋಡುತ್ತಾ ಬೆಳೆದವರು. ಗದ್ದೆಗೆ ನೀರು ತರುವ ಕಾಲುವೆ ಒಂದು, ಹೆಚ್ಚಾದ ನೀರನ್ನು ಹೊರಗೆ ಒಯ್ಯುವ ಬಸಿಗಾಲುವೆ ಒಂದು, ಅಲ್ವಾ? ಕಾಲೂ ಹಾಗೆಯೇ. ಹೃದಯದಿಂದ ರಕ್ತ ತರುವ ನಾಳ ಬೇರೆ, ಬಂದ ರಕ್ತವನ್ನು ವಾಪಸ್ ಮೇಲಕ್ಕೆ ಒಯ್ಯುವ ನಾಳ ಬೇರೆ. ಬಸಿಗಾಲುವೆ ಕಟ್ಟಿಕೊಂಡರೆ ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಕಾಲು ಬಾಯುತ್ತದೆ, ಬಿಗಿಯುತ್ತದೆ, ಬೆಚ್ಚಗಾಗುತ್ತದೆ. ನೀರು ತರುವ ಕಾಲುವೆಯೇ ಕಟ್ಟಿಕೊಂಡರೆ ಗದ್ದೆ ಒಣಗುತ್ತದೆ. ಕಾಲು ತಣ್ಣಗಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಜೋಮು ಹಿಡಿಯುತ್ತದೆ. ಮೊದಲನೆಯದಕ್ಕೆ ಅದೇ ದಿನ ಆಸ್ಪತ್ರೆ ಸೇರಬೇಕು. ಎರಡನೆಯದಕ್ಕೆ ಅದೇ ಗಂಟೆ ಹೊರಡಬೇಕು.

ನಿಮ್ಮ ತಂಗಿಗೆ ಆದದ್ದು ಬಸಿಗಾಲುವೆಯ ತೊಂದರೆ. ಡಾಕ್ಟರುಗಳು ಇದನ್ನು ಡಿವಿಟಿ ಎನ್ನುತ್ತಾರೆ, ಅಂದರೆ ಒಳಗಿನ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟುವುದು. ಹಾಲಿಗೆ ಹೆಪ್ಪು ಹಾಕಿ ಅಲ್ಲಾಡಿಸದೆ ಇಟ್ಟರೆ ಮೊಸರು ಗಟ್ಟಿಯಾಗಿ ಕೂರುತ್ತದೆ. ಕಾಲಿನ ರಕ್ತವೂ ಹರಿಯದೆ ನಿಂತರೆ ಕಟ್ಟಿಕೊಳ್ಳುವ ಕಡೆಗೆ ಹೋಗುತ್ತದೆ. ಪಾದದಲ್ಲಿರುವ ರಕ್ತ ಎದೆಯವರೆಗೆ ಹತ್ತಬೇಕಲ್ಲ, ಅದನ್ನು ಮೇಲಕ್ಕೆ ತಳ್ಳುವುದು ನಾವು ಹೆಜ್ಜೆ ಇಟ್ಟಾಗ ಹಿಂಡಿಕೊಳ್ಳುವ ಮೀನಖಂಡ. ನಡೆಯದವರಿಗೆ ಆ ಪಂಪು ನಿಂತ ಹಾಗೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಷೋ ಅವರ ಹೆಸರಿನಲ್ಲಿ ಇಂದಿಗೂ ಮೂರು ಕಾರಣಗಳನ್ನು ಕಲಿಸುತ್ತಾರೆ. ರಕ್ತ ನಿಧಾನವಾಗುವುದು, ರಕ್ತನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಬೇಗ ಹೆಪ್ಪಾಗುವ ಗುಣಕ್ಕೆ ತಿರುಗುವುದು. ಅವರು ಹುಟ್ಟಿದ ಅಕ್ಟೋಬರ್ 13ನ್ನೇ ವಿಶ್ವ ಥ್ರಾಂಬೋಸಿಸ್ (ರಕ್ತ ಹೆಪ್ಪುಗಟ್ಟುವಿಕೆ) ದಿನವಾಗಿ ಆಚರಿಸುತ್ತಾರೆ.

ಬಾಣಂತಿಯಲ್ಲಿ ಈ ಮೂರೂ ಕೂಡುತ್ತವೆ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗಬಾರದೆಂದು ದೇಹ ಮೊದಲೇ ರಕ್ತವನ್ನು ಬೇಗ ಕಟ್ಟುವ ಹಾಗೆ ತಯಾರು ಮಾಡಿಕೊಂಡಿರುತ್ತದೆ. ಅದು ಒಳ್ಳೆಯ ಏರ್ಪಾಟೇ. ಆದರೆ ಹೆರಿಗೆಯಾದ ಮೇಲೂ ಸುಮಾರು ಆರು ವಾರ ಆ ಗುಣ ಉಳಿದಿರುತ್ತದೆ. ಸಿಜೇರಿಯನ್ ಆಗಿದ್ದರೆ ಅಪಾಯ ಇನ್ನೂ ಜಾಸ್ತಿ. ಬಸುರಿಯಾಗಿದ್ದಾಗ ಹೊಟ್ಟೆಯೊಳಗೆ ಎಡಗಾಲಿನ ದೊಡ್ಡ ನಾಳದ ಮೇಲೆ ಒತ್ತಡ ಬೀಳುವುದರಿಂದ ಹೆಪ್ಪು ಎಡಗಾಲಲ್ಲೇ ಹೆಚ್ಚು ಕಾಣುತ್ತದೆ. ನಿಮ್ಮ ಪತ್ರದಲ್ಲಿ "ಎಡಗಾಲು" ಎಂಬ ಪದ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕೇ.

ಇದರ ಜೊತೆಗೆ ನಮ್ಮ ಬಾಣಂತನ. ನಿಮ್ಮ ಅವ್ವನ ಮೇಲೆ ನನಗೆ ಗೌರವವಿದೆ. ಮಗಳನ್ನು ಹೂವಿನ ಹಾಗೆ ನೋಡಿಕೊಳ್ಳುವ ಆ ಪ್ರೀತಿಗೆ ಸಮ ಯಾವುದೂ ಇಲ್ಲ. ಆದರೆ ಅದರಲ್ಲಿ ಎರಡು ಪದ್ಧತಿ ಬಿಡಲೇಬೇಕು. ಒಂದು, ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಲೋಟದಲ್ಲಿ ಅಳೆದು ನೀರು ಕೊಡುವುದು. ಇನ್ನೊಂದು, ಹಾಸಿಗೆಯಿಂದ ಇಳಿಯಗೊಡದೇ ಇರುವುದು. ಹಾಲುಣಿಸುವ ತಾಯಿಗೆ ಬಾಯಾರಿದಷ್ಟೂ ನೀರು ಬೇಕು. ಸಿಜೇರಿಯನ್ ಆದವರನ್ನೂ ಆಸ್ಪತ್ರೆಯಲ್ಲಿ ಆದಷ್ಟು ಬೇಗ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತಾರಲ್ಲ, ಸಿಸ್ಟರ್‌ಗೆ ಕರುಣೆ ಇಲ್ಲ ಎಂದು ಕೆಲವರು ಬೈಯುತ್ತಾರೆ. ಆ ಸಿಸ್ಟರ್ ಮಾಡುತ್ತಿರುವುದು ಜೀವ ಉಳಿಸುವ ಕೆಲಸ. ಎಣ್ಣೆ ನೀರು ಬೇಡ ಎಂದು ನಾನು ಹೇಳುವುದಿಲ್ಲ. ಬಾತಿರುವ, ನೋಯುವ ಕಾಲನ್ನು ಮಾತ್ರ ತಿಕ್ಕಬೇಡಿ. ಒಳಗಿನ ಹೆಪ್ಪಿನ ತುಂಡು ಕಳಚಿಕೊಂಡರೆ ಅದು ರಕ್ತದ ಜೊತೆ ಮೇಲೆ ಹರಿದು, ಹೃದಯ ದಾಟಿ, ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಇದ್ದಕ್ಕಿದ್ದಂತೆ ಉಸಿರಾಡಲು ಆಗುವುದಿಲ್ಲ. ಉಸಿರು ಎಳೆದರೆ ಎದೆ ಚುಚ್ಚುತ್ತದೆ. ಕೆಮ್ಮಿದರೆ ರಕ್ತ ಬರಬಹುದು, ತಲೆ ಸುತ್ತಿ ಬೀಳಬಹುದು. ಕಾಲು ನೋವಿನ ಜೊತೆ ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಡಾಕ್ಟರ್ ಸಿಗುತ್ತಾರೋ ಇಲ್ಲವೋ ಎಂದು ಯೋಚಿಸುತ್ತಾ ಕೂರಬೇಡಿ.

ಈ ಹೆಪ್ಪು ಬಾಣಂತಿಯರಿಗೆ ಮಾತ್ರ ಬರುವುದಲ್ಲ. ಮೊಣಕಾಲು, ಸೊಂಟದ ಕೀಲು ಬದಲಿಸಿದ ಆಪರೇಷನ್ ಆದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವರು, ಕ್ಯಾನ್ಸರ್ ಇರುವವರು, ಹಿಂದೆ ಒಮ್ಮೆ ಹೆಪ್ಪುಗಟ್ಟಿದ್ದವರು, ಈಸ್ಟ್ರೋಜನ್ ಎಂಬ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ ನುಂಗುವವರು ಹುಷಾರಾಗಿರಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಕಡೆ ಕೂತು ಪ್ರಯಾಣ ಮಾಡಿದರೂ ಅಪಾಯ ಸ್ವಲ್ಪ ಏರುತ್ತದೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರು, ದುಬೈ, ಅಮೆರಿಕದಿಂದ ವಿಮಾನದಲ್ಲಿ ಬರುವವರು ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಬಸ್ ನಿಂತ ಕಡೆ ಇಳಿದು ಓಡಾಡಬೇಕು. ವಾರದೊಳಗೆ ಒಂದು ಕಾಲು ಬಾತರೆ ಡಾಕ್ಟರಿಗೆ ಆ ಪ್ರಯಾಣದ ವಿಷಯ ಹೇಳಲೇಬೇಕು. ಅವರು ಕೇಳದಿದ್ದರೂ ನೀವೇ ಹೇಳಿ.

ಮನೆಯಲ್ಲಿ ಹೇಗೆ ಅಳೆಯುವುದು? ಇದೇ ನಾನು ಎಲ್ಲರಿಗೂ ಕಲಿಸಬೇಕೆಂದಿರುವ ಕೆಲಸ. ಎರಡೂ ಕಾಲನ್ನು ಬೆಳಕಿನಲ್ಲಿ ಒಟ್ಟಿಗೆ ಇಟ್ಟು ನೋಡಿ. ಸೀರೆಯನ್ನೋ ಪ್ಯಾಂಟನ್ನೋ ಮಂಡಿಯ ಮೇಲಕ್ಕೆ ಎತ್ತಿಸಿ. ನೋಯುವ ಕಾಲನ್ನು ಮಾತ್ರ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ಕಾಲೇ ತಕ್ಕಡಿಯ ಮತ್ತೊಂದು ತಟ್ಟೆ. ಮಂಡಿಚಿಪ್ಪಿನ ಕೆಳಗೆ ಮುಂಭಾಗದಲ್ಲಿ ಮೂಳೆಯ ಒಂದು ಸಣ್ಣ ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ, ಬಟ್ಟೆ ಹೊಲಿಯುವ ಟೇಪು ಸುತ್ತಿ ಎರಡೂ ಮೀನಖಂಡದ ಸುತ್ತಳತೆ ತೆಗೆಯಿರಿ. 3 ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ನಾವು ಡಾಕ್ಟರುಗಳು ಹೆಪ್ಪಿನ ಅನುಮಾನ ಗಟ್ಟಿಯಾಗಿ ಪಡುತ್ತೇವೆ. ಅದಕ್ಕಿಂತ ಕಡಿಮೆ ಇದ್ದರೆ ಹೆಪ್ಪು ಇಲ್ಲವೇ ಇಲ್ಲ ಎಂದಲ್ಲ. ಒಂದೇ ಕಾಲು ಬಾತಿದೆ, ಕಾರಣ ಗೊತ್ತಿಲ್ಲ ಎಂದಾದರೆ ತೋರಿಸಿ, ಅಷ್ಟೇ. ಪಾದವನ್ನು ಮೇಲಕ್ಕೆ ಬಾಗಿಸಿ "ಮೀನಖಂಡ ನೋಯಿತಾ" ಎಂದು ಕೇಳುವ ಹಳೆಯ ಪರೀಕ್ಷೆಯನ್ನು ನಂಬಬೇಡಿ. ಹೆಪ್ಪಿದ್ದರೂ ನೋಯದೇ ಇರಬಹುದು, ಇಲ್ಲದಿದ್ದರೂ ನೋಯಬಹುದು.

ಆಸ್ಪತ್ರೆಯಲ್ಲಿ ಮಾಡುವ ಡಾಪ್ಲರ್ ಸ್ಕ್ಯಾನ್ ನೋವಿಲ್ಲದ್ದು. ಬಸುರಿಯರ ಹೊಟ್ಟೆಗೆ ಮಾಡುವ ಸ್ಕ್ಯಾನ್ ಹಾಗೆಯೇ. ಮೇಲಿನಿಂದ ಒತ್ತಿದಾಗ ರಕ್ತನಾಳ ಚಪ್ಪಟೆಯಾದರೆ ಒಳಗೆ ಏನೂ ಇಲ್ಲ. ಆಗದಿದ್ದರೆ ಒಳಗೆ ಹೆಪ್ಪು ಕೂತಿದೆ. ಮೊದಲ ಸ್ಕ್ಯಾನ್ ಸರಿಯಿದ್ದೂ ಕಾಲು ಬಾತೇ ಇದ್ದರೆ ಒಂದು ವಾರದೊಳಗೆ ಇನ್ನೊಮ್ಮೆ ಮಾಡಿಸಬೇಕು. ನಿಮ್ಮ ಕಡೆಯಿಂದ ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಊರುಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಹತ್ತಿರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಇಲ್ಲ ಎಂದರೆ ನಾಳೆ ನೋಡೋಣ ಎಂದು ಮನೆಗೆ ಬರಬೇಡಿ. ರೆಫರ್ ಮಾಡಿಸಿಕೊಂಡು ಮುಂದೆ ಹೋಗಿ.

ತಂಗಿಯ ಔಷಧಿಯ ಬಗ್ಗೆ ನೀವು ಫೋನಿನಲ್ಲಿ ಕೇಳಿದ್ದಕ್ಕೂ ಇಲ್ಲೇ ಉತ್ತರ ಕೊಡುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಮತ್ತು ವಾರ್ಫರಿನ್ ಮಾತ್ರೆ ಎರಡನ್ನೂ ತೆಗೆದುಕೊಳ್ಳುತ್ತಾ ಮಗುವಿಗೆ ಎದೆಹಾಲು ಕೊಡಬಹುದು. ಹಾಲು ಬಿಡಿಸಬೇಡಿ. ವಾರ್ಫರಿನ್ ಅನ್ನು ಹಿಂದೆ ಇಲಿ ಕೊಲ್ಲಲು ಬಳಸುತ್ತಿದ್ದರು ಎಂದು ಯಾರೋ ಹೇಳಿದರು ಎಂದಿರಿ. ಅದು ನಿಜ. ಅಳತೆ ಮೀರಿದರೆ ರಕ್ತ ನಿಲ್ಲದೆ ಹೋಗುತ್ತದೆ, ಅಳತೆಯಲ್ಲಿದ್ದರೆ ಜೀವ ಉಳಿಸುತ್ತದೆ. ಆ ಅಳತೆ ನೋಡಲೆಂದೇ ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಅದು 2ರಿಂದ 3ರ ನಡುವೆ ಇರಬೇಕು. ಸೊಪ್ಪು ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಶಕ್ತಿಯನ್ನು ತಗ್ಗಿಸುತ್ತದೆ, ಅದು ಹೌದು. ಅದಕ್ಕೆ ದಿನವೂ ಹೆಚ್ಚು ಕಡಿಮೆ ಅಷ್ಟೇ ಸೊಪ್ಪು ತಿಂದರೆ ಸಾಕು. ಒಂದು ವಾರ ಪೂರ್ತಿ ಬಿಟ್ಟು ಇನ್ನೊಂದು ವಾರ ಬುಟ್ಟಿಗಟ್ಟಲೆ ತಿಂದರೆ ಕಷ್ಟ. ಕಾಲು ಬಾವು ಇಳಿಯಿತು ಎಂದು ಮಾತ್ರೆ ನಿಲ್ಲಿಸಬೇಡಿ. ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ಬೇಕು. ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ನುಂಗಬೇಡಿ, ರಕ್ತಸ್ರಾವ ಆಗಬಹುದು. ಮುಂದೆ ಅಂತರಕ್ಕೆ ಮಾಲಾ-ಎನ್ ತರಹದ ಮಾತ್ರೆ ಬೇಡ, ಅದರಲ್ಲಿ ಈಸ್ಟ್ರೋಜನ್ ಇದೆ. ಕಾಪರ್-ಟಿ ಹಾಕಿಸಬಹುದು. ವಾರ್ಫರಿನ್ ನುಂಗುವಾಗ ಬಸುರಾಗಬಾರದು, ಹೊಟ್ಟೆಯ ಮಗುವಿಗೆ ತೊಂದರೆ. ಇನ್ನೊಮ್ಮೆ ಬಸುರಿಯಾದರೆ ಮೊದಲ ತಪಾಸಣೆಯಲ್ಲೇ ಈ ಹೆಪ್ಪಿನ ವಿಷಯ ಹೇಳಬೇಕು. ತಾಯಿ ಕಾರ್ಡಿನ ಮೇಲೆ ಬರೆಸಿಡಿ.

ಈಗ ನೀರು ತರುವ ಕಾಲುವೆ ಕಟ್ಟುವ ವಿಷಯ. ಇದನ್ನು ಬರೆಯುವಾಗೆಲ್ಲ ನನಗೆ ಒಬ್ಬರ ನೆನಪಾಗುತ್ತದೆ. ನಾನು ಹೊಸದಾಗಿ ಡ್ಯೂಟಿಗೆ ಸೇರಿದ್ದ ದಿನಗಳು. ಐವತ್ತರ ಆಸುಪಾಸಿನ ರೈತರೊಬ್ಬರನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತಂದಿದ್ದರು. ಎರಡು ದಿನದ ಹಿಂದೆ ಸಂಜೆ ಹೊಲದಲ್ಲಿ ನಿಂತಿದ್ದಾಗ ಬಲಗಾಲಿಗೆ ಚಾಟಿಯಲ್ಲಿ ಹೊಡೆದ ಹಾಗೆ ನೋವು. ಮನೆಯವರು ಹುಳ ಮುಟ್ಟಿರಬೇಕು ಎಂದುಕೊಂಡರು. ಕಾಲು ತಣ್ಣಗಿತ್ತು. ತಣ್ಣಗಿದೆ ಎಂದೇ ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾವು ಕೊಟ್ಟರು. ಎಣ್ಣೆ ತಿಕ್ಕಿದರು. ಮರುದಿನ ನೋವು ಕಡಿಮೆಯಾಯಿತು, ಎಲ್ಲರಿಗೂ ಸಮಾಧಾನವಾಯಿತು. ನೋವು ಕಡಿಮೆಯಾದದ್ದು ವಾಸಿಯಾಗಿ ಅಲ್ಲ, ನರಗಳು ಸತ್ತು. ನಾನು ನೋಡುವ ಹೊತ್ತಿಗೆ ಪಾದ ನೀಲಿಗಟ್ಟಿತ್ತು, ಬೆರಳು ಆಡುತ್ತಿರಲಿಲ್ಲ. ಮಂಡಿಯ ಮೇಲೆ ಕಾಲು ತೆಗೆಯಬೇಕಾಯಿತು. ಚಿಕ್ಕಂದಿನಲ್ಲಿ ಬಂದ ಕೀಲು ಬಾವಿನ ಜ್ವರ ಅವರ ಹೃದಯದ ಕವಾಟವನ್ನು ಕೆಡಿಸಿತ್ತು. ಎದೆ ತಾಳ ತಪ್ಪಿ ಬಡಿಯುತ್ತಿತ್ತು. ಅಲ್ಲಿ ಹುಟ್ಟಿದ ಹೆಪ್ಪು ಕಾಲಿಗೆ ಹರಿದು ಬಂದು ನಾಳವನ್ನು ಮುಚ್ಚಿತ್ತು. ಕಾಲು ನೋವಿನ ಬೇರು ಎದೆಯಲ್ಲಿತ್ತು.

ರಕ್ತ ಪೂರ್ತಿ ನಿಂತ ಮೇಲೆ ಕಾಲಿನ ಸ್ನಾಯು ತಾಳುವುದು ಸುಮಾರು ಆರು ಗಂಟೆ. ಆಮೇಲೆ ಆಗುವ ಹಾನಿ ಸರಿಹೋಗುವುದಿಲ್ಲ. ಸಮಯಕ್ಕೆ ಬಂದರೆ ತೊಡೆಯ ಸಂದಿಯಲ್ಲಿ ಸಣ್ಣ ಗಾಯ ಮಾಡಿ, ತುದಿಯಲ್ಲಿ ಬಲೂನು ಇರುವ ತೆಳ್ಳನೆಯ ಕೊಳವೆ ಹಾಕಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಥಾಮಸ್ ಫೋಗಾರ್ಟಿ ರೂಪಿಸಿದ ಉಪಾಯ ಅದು. ಕಾಲು ಉಳಿಯುತ್ತದೆ. ಅಷ್ಟು ಸರಳ ಕೆಲಸಕ್ಕೆ ಆ ರೈತರಿಗೆ ತಪ್ಪಿಹೋದದ್ದು ಹೊತ್ತು ಒಂದೇ.

ಹಾಗಾಗಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ನಿಮ್ಮ ಅಂಗೈಯ ಹಿಂಭಾಗದಿಂದ ಎರಡೂ ಪಾದ ಮುಟ್ಟಿ. ಒಂದು ಬೆಚ್ಚಗೆ, ಒಂದು ತಣ್ಣಗೆ ಇದೆಯೇ? ಬಣ್ಣ ಬಿಳಿಚಿದೆಯೇ? ಹೆಬ್ಬೆರಳ ಉಗುರನ್ನು ಒತ್ತಿ ಬಿಡಿ. ಎರಡು ಎಣಿಸುವುದರೊಳಗೆ ಕೆಂಪು ವಾಪಸ್ ಬರಬೇಕು. ಬೆರಳು ಆಡಿಸಲು ಹೇಳಿ. ಮುಟ್ಟಿದ್ದು ಗೊತ್ತಾಗುತ್ತದೆಯೇ ಕೇಳಿ. ಒಂದು ಕಾಲು ತಣ್ಣಗೆ, ಬಿಳಿಚಿ, ಜೋಮು ಹಿಡಿದಿದ್ದರೆ ಗಡಿಯಾರ ನೋಡಿ ನೋವು ಶುರುವಾದ ಹೊತ್ತು ಬರೆದುಕೊಳ್ಳಿ, ಹೊರಡಿ. ಕಾವು ಬೇಡ, ತಿಕ್ಕುವುದು ಬೇಡ, ನಡೆಸುವುದು ಬೇಡ. ಸಡಿಲವಾಗಿ ಬಟ್ಟೆ ಹೊದಿಸಿ ಸಾಕು. ಫೋನಿನಲ್ಲೇ "ಕಾಲಿಗೆ ರಕ್ತ ಹೋಗುತ್ತಿಲ್ಲ ಅನಿಸುತ್ತದೆ, ಆಪರೇಷನ್ ಮಾಡುವವರು ಇದ್ದಾರಾ" ಎಂದು ಕೇಳಿಕೊಂಡು ದೊಡ್ಡ ಆಸ್ಪತ್ರೆಗೇ ನೇರ ಹೋಗಿ.

ಈ ನಾಳ ಒಂದೇ ದಿನ ಮುಚ್ಚುವ ಬದಲು ವರ್ಷಗಟ್ಟಲೆ ಸಣ್ಣಗಾಗುತ್ತಲೂ ಬರಬಹುದು. ಸಕ್ಕರೆ ಕಾಯಿಲೆ, ಬೀಡಿ, ಸಿಗರೇಟು, ಬಿಪಿ ಇದಕ್ಕೆ ಕಾರಣ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ಸಂತೆಗೆ ಹೋಗುವಾಗ ಯಾರೊಡನೆಯೋ ಮಾತಿಗೆ ನಿಂತ ಹಾಗೆ ನಿಲ್ಲುತ್ತಾರೆ, ನೋವು ಎಂದು ಹೇಳುವುದಿಲ್ಲ. ನಿಮ್ಮ ಅವ್ವನನ್ನು ಒಮ್ಮೆ ಗಮನಿಸಿ. ನಲವತ್ತು ದಾಟದ ಗಂಡಸರಲ್ಲಿ ಬೀಡಿಯಿಂದಲೇ ಬರುವ ಇನ್ನೊಂದು ರೋಗವಿದೆ. 1908ರಲ್ಲಿ ಲಿಯೋ ಬರ್ಜರ್ ವಿವರಿಸಿದ್ದರಿಂದ ಅದಕ್ಕೆ ಬರ್ಜರ್ ರೋಗ ಎನ್ನುತ್ತಾರೆ. ಅದರಲ್ಲಿ ತಂಬಾಕು ಪೂರ್ತಿ ಬಿಟ್ಟರೆ ಕಾಲು ಉಳಿಯುತ್ತದೆ. ದಿನಕ್ಕೆ ಒಂದೇ ಬೀಡಿ ಎಂದು ಮುಂದುವರಿಸಿದರೂ ಬೆರಳುಗಳು ಒಂದೊಂದಾಗಿ ಹೋಗುತ್ತವೆ.

ಇನ್ನು "ನರ ಹಿಡಿದಿದೆ" ಎಂಬ ಮಾತು. ನಮ್ಮ ಆಡುಮಾತಿನಲ್ಲಿ ರಕ್ತನಾಳವೂ ನರ, ಸ್ನಾಯುವಿನ ಹುರಿಯೂ ನರ, ಮೆದುಳಿನಿಂದ ಬರುವ ತಂತುವೂ ನರ. ಹಾಗಾಗಿ ಆ ಮಾತಿನಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿನಲ್ಲಿ ತೋರಿಸಿ. ಸೊಂಟದಿಂದ ಶುರುವಾಗಿ ಪಿರ್ರೆ, ತೊಡೆಯ ಹಿಂಭಾಗ ದಾಟಿ ಪಾದದವರೆಗೆ ಕರೆಂಟು ಹೊಡೆದ ಹಾಗೆ ಇಳಿದರೆ ಅದು ನಿಜವಾದ ನರದ ನೋವು, ಸಯಾಟಿಕಾ. ಚೀಲ ಎತ್ತಿದಾಗ, ಬಗ್ಗಿ ಎದ್ದಾಗ ಬೆನ್ನಿನ ಡಿಸ್ಕ್ ಸರಿದು ನರವನ್ನು ಒತ್ತಿರುತ್ತದೆ. ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಆದಷ್ಟು ಓಡಾಡುವುದು ಒಳ್ಳೆಯದು. ಆದರೆ ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲು ಬಾರದಿದ್ದರೆ ಅದೇ ದಿನ ಆಸ್ಪತ್ರೆ. ನಾಚಿಕೆಯಿಂದ ಮೂತ್ರದ ವಿಷಯ ಹೇಳದೆ ಉಳಿಯುವ ಹೆಂಗಸರು ಬಹಳ, ದಯವಿಟ್ಟು ಹೇಳಿ.

ಸ್ನಾಯು ಹರಿಯುವುದೂ ಇದೆ. ಓಡುವಾಗ, ಮೆಟ್ಟಿಲು ಹತ್ತುವಾಗ ಹಿಂದಿನಿಂದ ಯಾರೋ ಕಲ್ಲು ಹೊಡೆದ ಹಾಗಾಗಿ ತಿರುಗಿ ನೋಡುತ್ತಾರೆ, ಯಾರೂ ಇರುವುದಿಲ್ಲ. ಮೀನಖಂಡದ ಎಳೆ ಹರಿದಿರುತ್ತದೆ. ಹಿಮ್ಮಡಿಯ ಮೇಲೆ "ಟಪ್" ಎಂದು ಸದ್ದಾಗಿ ತುದಿಗಾಲಲ್ಲಿ ನಿಲ್ಲಲು ಬಾರದಿದ್ದರೆ ದಪ್ಪ ಹುರಿಯೇ ತುಂಡಾಗಿರಬಹುದು. ಮೂಳೆ ಡಾಕ್ಟರಿಗೆ ಬೇಗ ತೋರಿಸಬೇಕು. ಸಿಪ್ರೋಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ನುಂಗುತ್ತಿರುವವರಲ್ಲಿ ಈ ಹುರಿ ಹರಿಯುವ ಅಪಾಯ ಹೆಚ್ಚು, ಅದರಲ್ಲೂ ವಯಸ್ಸಾದವರಲ್ಲಿ. ಭೇದಿಗೆ, ಉರಿಮೂತ್ರಕ್ಕೆ ಎಂದು ಈ ಮಾತ್ರೆಗಳನ್ನು ಚೀಟಿ ಇಲ್ಲದೆ ಕೊಳ್ಳುವ ಅಭ್ಯಾಸ ನಮ್ಮಲ್ಲಿದೆ, ಅದಕ್ಕೇ ಹೇಳುತ್ತಿದ್ದೇನೆ.

ಕಾಲು ಕೆಂಪಾಗಿ, ಸುಡುತ್ತಾ, ಜ್ವರ ಚಳಿ ಇದ್ದರೆ ಚರ್ಮದ ಕೆಳಗೆ ಸೋಂಕು. ಬೆರಳ ಸಂದಿಯ ಕೆಸರುಹುಣ್ಣಿನಿಂದ ಒಳಗೆ ಹೋಗಿರುತ್ತದೆ. ಗದ್ದೆಯಲ್ಲಿ ನಾಟಿ ಮಾಡುವವರಲ್ಲಿ ಇದು ಸಾಮಾನ್ಯ. ಪೆನ್ನಿನಲ್ಲಿ ಕೆಂಪಿನ ಅಂಚಿಗೆ ಗೆರೆ ಎಳೆದಿಡಿ, ಗೆರೆ ದಾಟಿ ಹೋಗುತ್ತಿದ್ದರೆ ಡಾಕ್ಟರಿಗೆ ಅದೇ ದೊಡ್ಡ ಮಾಹಿತಿ. ಕೆಂಪು ಸ್ವಲ್ಪವೇ ಇದ್ದು ನೋವು ತಡೆಯಲಾರದಷ್ಟಿದ್ದರೆ, ಗುಳ್ಳೆ ಎದ್ದು ಕಪ್ಪಾಗುತ್ತಿದ್ದರೆ ಒಂದು ರಾತ್ರಿಯೂ ಕಾಯಬಾರದು. ಹೆಬ್ಬೆರಳ ಬುಡ ರಾತ್ರೋರಾತ್ರಿ ಬಾತು ಕೆಂಪಾದರೆ ಯೂರಿಕ್ ಆಮ್ಲದ ಗೌಟ್ ಇರಬಹುದು. ಆದರೆ ಮಂಡಿಯಂಥ ದೊಡ್ಡ ಕೀಲು ಒಂದೇ ಬಾತು ಜ್ವರವೂ ಇದ್ದರೆ ಕೀಲಿನಲ್ಲಿ ಕೀವು ಇರಬಹುದು, ತಕ್ಷಣ ತೋರಿಸಬೇಕು. ಹೊಲದಲ್ಲಿ ಕಾಲಿಗೆ ಚುಚ್ಚಿದ ಹಾಗಾಗಿ ಬಾವು ನೋಡನೋಡುತ್ತಾ ಏರಿದರೆ ಕೊಳಕುಮಂಡಲ ಕಚ್ಚಿರಬಹುದು. ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಿರಿ.

ಮುರಿದ ಕಾಲಿಗೆ ಪ್ಲಾಸ್ಟರನ್ನೋ ಬಿದಿರು ದಬ್ಬೆಯ ನಾಟಿ ಕಟ್ಟನ್ನೋ ಹಾಕಿಸಿದ ಮೇಲೆ ನೋವು ಇಳಿಯುವ ಬದಲು ಏರುತ್ತಾ ಹೋದರೆ ಅದು ಎಚ್ಚರಿಕೆಯ ಗಂಟೆ. ಬೆರಳು ಮರಗಟ್ಟುವುದು, ಬೆರಳನ್ನು ಯಾರಾದರೂ ಎಳೆದರೆ ಜೀವ ಹೋದಂತಾಗುವುದು ಇದ್ದರೆ ಒಳಗೆ ಒತ್ತಡ ಏರಿ ಸ್ನಾಯು ಸಾಯುತ್ತಿದೆ. ಹಾಕಿದವರು "ಎರಡು ದಿನ ತಡೆದುಕೊಳ್ಳಿ" ಎಂದರೂ ತಡೆದುಕೊಳ್ಳಬೇಡಿ. ನಾಟಿ ಕಟ್ಟಾದರೆ ಅಲ್ಲೇ ಸಡಿಲಿಸಿ, ಆಸ್ಪತ್ರೆಗೆ ಹೋಗಿ. ಮಕ್ಕಳ ವಿಷಯದಲ್ಲಿ ಒಂದೇ ಮಾತು. ಎರಡೂ ಕಾಲು ಸಂಜೆ ನೋಯುತ್ತದೆ ಎಂದು ಅತ್ತು ಬೆಳಿಗ್ಗೆ ಆಡಲು ಓಡಿದರೆ ಹೆದರಬೇಡಿ. ಜ್ವರ ಇದ್ದು ಒಂದು ಕಾಲು ನೆಲಕ್ಕೆ ಊರಲು ಒಲ್ಲೆ ಎಂದರೆ ಅಂದೇ ತೋರಿಸಿ.

ಕೊನೆಗೆ ನಿಮ್ಮ ಅವ್ವ. ನಿದ್ದೆಯಲ್ಲಿ ಮೀನಖಂಡ ಕಲ್ಲಾಗಿ, ಹತ್ತು ನಿಮಿಷಕ್ಕೆ ಬಿಟ್ಟು, ಎರಡು ದಿನ ಮೆತ್ತಗೆ ನೋಯುತ್ತಿದ್ದರೆ ಅದು ಸ್ನಾಯು ಸೆಳೆತ. ವಯಸ್ಸಾದಂತೆ ಜಾಸ್ತಿ. ರಾಯಚೂರು ಸೀಮೆಯ ಬಿಸಿಲಲ್ಲಿ ಬೆವರು ಸುರಿದು ನೀರು ಕಡಿಮೆಯಾದ ದಿನ, ಮೂತ್ರ ಹೆಚ್ಚು ಹೋಗಿಸುವ ಬಿಪಿ ಮಾತ್ರೆ ನುಂಗುವವರಿಗೆ ಇನ್ನೂ ಸುಲಭವಾಗಿ ಬರುತ್ತದೆ. ಮುಂದಿನ ಸಲ ಬಂದಾಗ ಎಣ್ಣೆ ಹುಡುಕುವ ಮೊದಲು ಕಾಲು ನೀಡಿಸಿ, ಮಂಡಿ ಮಡಿಸದೆ, ಪಾದದ ಬೆರಳುಗಳನ್ನು ಅವರ ಮುಖದ ಕಡೆಗೆ ಮೆಲ್ಲಗೆ ಎಳೆದು ಹಿಡಿಯಿರಿ. ಅರ್ಧ ನಿಮಿಷದಲ್ಲಿ ಬಿಡಲು ಶುರುವಾಗುತ್ತದೆ. ಮಲಗುವ ಮುನ್ನ ಗೋಡೆಗೆ ಕೈಕೊಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿ ಮೀನಖಂಡ ಹಿಗ್ಗಿಸುವುದನ್ನು ರೂಢಿ ಮಾಡಿಸಿ. ವಾರಕ್ಕೆ ಮೂರು ನಾಲ್ಕು ಸಲ ಬರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ.

ಸಕ್ಕರೆ ಇರುವುದರಿಂದ ಅವರ ಪಾದಕ್ಕೆ ಬಿಸಿ, ಮುಳ್ಳು ಗೊತ್ತಾಗದೇ ಇರಬಹುದು. ಬಿಸಿನೀರಿನ ಚೀಲ, ಕಾಸಿದ ಬಟ್ಟೆ ಇಡಬೇಡಿ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಅವರನ್ನು ದೀಪದ ಕೆಳಗೆ ಕೂರಿಸಿ, ಎರಡೂ ಪಾದ ನಿಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಅಡಿ, ಹಿಮ್ಮಡಿ, ಬೆರಳ ಸಂದಿ ಎಲ್ಲ ಬಿಡಿಸಿ ನೋಡಿ. ಬಿರುಕು ಕಂಡರೆ ಮುಂದಿನ ವಾರ ತಂಗಿಯ ಐಎನ್‌ಆರ್ ಪರೀಕ್ಷೆಗೆ ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ ತೋರಿಸಿ. ಹುಣ್ಣು, ಬಣ್ಣ ಬದಲಾದ ಬೆರಳು ಕಂಡರೆ ಅಥವಾ ಪಾದ ತಣ್ಣಗಿದ್ದರೆ ಮುಂದಿನ ವಾರಕ್ಕೆ ಕಾಯಬೇಡಿ, ನಾಳೆಯೇ ಹೋಗಿ. ನೋವೂ ಜೋರಾಗಿದ್ದು ಬೆರಳು ಮರಗಟ್ಟಿದ್ದರೆ ಬೆಳಗಾಗುವವರೆಗೂ ಕಾಯಬೇಡಿ.